ಏಕಾದಶಿಯಂದು ನಮ್ಮ ಮನೆಯಿಂದ ಹೋದ ಫೋನು

ಅವತ್ತು ನಾನು ದೇವರ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದೆ. ಶುಕ್ರವಾರದ ಪೂಜೆಗೆ ಗುರುವಾರವೇ ಬೆಳಗಿಟ್ಟುಕೊಳ್ಳುವುದು ನನ್ನ ರೂಢಿ. ದೀಪದ ಕಂಬ ಮುಗಿಸಿ ಪಂಚಪಾತ್ರೆ ಕೈಗೆ ತೆಗೆದುಕೊಂಡಿದ್ದೆ, ಅಷ್ಟರಲ್ಲಿ ಗರಾಜಿನ ಬಾಗಿಲು ಎದ್ದ ಸದ್ದಾಯಿತು. ನಮ್ಮ ಯಜಮಾನರು ಎವರೆಟ್ಟಿನ ವಿಮಾನ ಕಾರ್ಖಾನೆಯಿಂದ ನಡುಮಧ್ಯಾಹ್ನ ಮನೆಗೆ ಬಂದರೆಂದರೆ ಜ್ವರ ಬಂದಿರಬೇಕು, ಇಲ್ಲವೇ ಕೆಲಸ ಹೋಗಿರಬೇಕು. ಹುಣಸೆಹಣ್ಣಿನ ಕೈಯಲ್ಲೇ ಓಡಿದೆ.

"ಮುಗೀತು ಮಾರಾಯ್ತಿ," ಎಂದರು ಇವರು ಶೂ ಬಿಚ್ಚುತ್ತ. ಮುಖದಲ್ಲಿ ಮದುಮಗನ ಕಳೆ. "ರಿಟೈರ್‌ಮೆಂಟಿಗೆ ಹೂಂ ಅಂದ್ರು. ಮುಂದಿನ ತಿಂಗಳಿಂದ ನಾನು ನಿನ್ನ ಅಡುಗೆಮನೆಯಲ್ಲೇ."

"ಅಯ್ಯೋ ದೇವರೇ, ನನಗ್ಯಾಕೆ ಈ ಶಿಕ್ಷೆ," ಎಂದು ನಾನೂ ನಕ್ಕೆ. ಆದರೆ ಒಳಗೊಳಗೇ ಒಂದು ನಮಸ್ಕಾರ ಹಾಕಿದೆ. ನಮ್ಮ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಒಂದು ಇಮೇಲಿನಲ್ಲಿ ಕೆಲಸ ಹೋಗಿದೆ. ನಮ್ಮವರು ತಾವಾಗಿಯೇ, ಆರೋಗ್ಯವಾಗಿ, ನಗುನಗುತ್ತ ಎದ್ದು ಬರುತ್ತಿದ್ದಾರೆ. ಇಂಥ ಸಣ್ಣ ಸಣ್ಣ ಕೃಪೆಗಳನ್ನು ನಾನು ಲೆಕ್ಕ ಇಡುತ್ತೇನೆ. ದೊಡ್ಡ ವರ ಕೇಳುವ ಧೈರ್ಯ ನನಗೆ ಮೊದಲಿಂದಲೂ ಇಲ್ಲ.

ಮನೆಯಲ್ಲಿ ಒಂದು ಸತ್ಯನಾರಾಯಣ ಪೂಜೆ ಮಾಡಿಸೋಣ ಎಂದೆ. ಇವರು ತಕ್ಷಣ ಒಪ್ಪಿಬಿಟ್ಟರು. ಅಷ್ಟು ಸುಲಭವಾಗಿ ಒಪ್ಪುವವರಲ್ಲ, ಏನೋ ಇದೆ ಅಂದುಕೊಂಡೆ. ಇತ್ತು. "ಮಡಿ ಉಟ್ಟು, ಫೋನ್ ಮುಟ್ಟದೆ, ಕಥೆ ಮುಗಿಯುವವರೆಗೆ ಕೂರ್ತೇನೆ. ಆದ್ರೆ ನಂಗೆ ಒಂದು ದಿನ ರೈಲಲ್ಲಿ ಪಬ್ಬಿಂದ ಪಬ್ಬಿಗೆ ಹೋಗ್ಬೇಕು. ಹಳೇ ಕಾಲದ ಪಬ್ಬು, ಟಿವಿ ಇರಬಾರದು. ನೀನೇ ಪ್ಲಾನ್ ಮಾಡ್ಬೇಕು."

ಮುಂದಿನದನ್ನು ಹೇಳುವ ಮೊದಲು ಓದುಗರಿಗೆ ನನ್ನ ವಿಷಯ ಸ್ವಲ್ಪ ತಿಳಿದಿರುವುದು ಒಳ್ಳೆಯದು. ದೇವರಲ್ಲಿ ನನಗೆ ಪೂರಾ ನಂಬಿಕೆ. ಆದರೆ ಅಶರೀರವಾಣಿ, ಕನಸಿನಲ್ಲಿ ಬಂದು ಅಪ್ಪಣೆ ಕೊಡುವುದು, ಫೋಟೋದಿಂದ ವಿಭೂತಿ ಉದುರುವುದು, ಇವುಗಳನ್ನು ನಾನು ಎಂದೂ ನಂಬಿದವಳಲ್ಲ. ಸತ್ಸಂಗದಲ್ಲಿ ಯಾರಾದರೂ ಇಂಥ ಕಥೆ ತೆಗೆದರೆ, "ರಾತ್ರಿ ಏನು ಊಟ ಮಾಡಿದ್ರಿ?" ಎಂದು ಕೇಳಿ ಕೆಲವರ ಸಿಟ್ಟಿಗೂ ಗುರಿಯಾಗಿದ್ದೇನೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಬಹುದು. ಅವತ್ತು ನಾವೆಲ್ಲ ನಕ್ಕೇ ಇದ್ದೆವು.

ಪಬ್ಬಿನ ಹುಚ್ಚು ಎಲ್ಲಿಂದ ಬಂತು ಅಂದರೆ, ಮದುವೆಗೆ ಮೊದಲು ಇವರು ಕೆಲಸದ ಮೇಲೆ ಇಂಗ್ಲೆಂಡಿನ ಉತ್ತರದ ಕಡೆ ಒಂದು ಊರಿನಲ್ಲಿದ್ದರು. ಜೊತೆಗಿದ್ದವರು ದಿನಕರ. ಇಬ್ಬರೂ ಕುಂದಾಪುರದ ಕಡೆಯ ಒಂದೇ ಹಳ್ಳಿಯವರು, ಒಂದೇ ಬೆಂಚಿನವರು. ಹೈಸ್ಕೂಲಿಗೆ ಹೋಗುವಾಗ ದಿನಕರ ಮಧ್ಯಾಹ್ನ ಉಣ್ಣುತ್ತಿದ್ದದ್ದು ನಮ್ಮ ಅತ್ತೆಯ ಕೈಯಲ್ಲೇ. ಇಂಗ್ಲೆಂಡಿನಲ್ಲಿ ಶನಿವಾರ ಬಂದರೆ ಇಬ್ಬರೂ ಚಿಕ್ಕ ರೈಲು ಹತ್ತುತ್ತಿದ್ದರಂತೆ. ಪ್ರತಿ ಸ್ಟೇಷನ್ನಿನ ಪಕ್ಕ ಒಂದು ಹಳೆಯ ಪಬ್ಬು. ಒಂದರಲ್ಲಿ ಅರ್ಧ ಗ್ಲಾಸು, ಮತ್ತೆ ರೈಲು, ಇನ್ನೊಂದರಲ್ಲಿ ಅರ್ಧ ಗ್ಲಾಸು. ಕುಡಿದದ್ದಕ್ಕಿಂತ ಹರಟಿದ್ದೇ ಹೆಚ್ಚು ಎಂದು ಇವರು ಹೇಳುತ್ತಾರೆ. ನಾನು ಅರ್ಧ ನಂಬಿದ್ದೇನೆ.

ಆಮೇಲೆ ಇಬ್ಬರೂ ಹೇಗೆ ಹೇಗೋ ಇದೇ ಸಿಯಾಟಲ್ ಸೀಮೆಗೆ ಬಂದು ನಿಂತರು. ದಿನಕರ ಬೆಲ್ವ್ಯೂ ಡೌನ್‌ಟೌನಿನಲ್ಲಿ, ನಾವು ಬಾಥೆಲ್‌ನಲ್ಲಿ. ಅವರಿಗೆ ಮದುವೆಯಿಲ್ಲ. ಹಬ್ಬ ಎಂದರೆ ನಮ್ಮ ಮನೆಯೇ. ಅತ್ತೆಯನ್ನು ಊರಿನಿಂದ ಕರೆತಂದಾಗ ವಿಮಾನ ನಿಲ್ದಾಣಕ್ಕೆ ನಮಗಿಂತ ಮೊದಲೇ ಹೋಗಿ ನಿಂತಿದ್ದವರು ಅವರು. ಅತ್ತೆಗೆ ಇಲ್ಲಿ ಬಂದ ಮೇಲೆ ಸ್ಟ್ರೋಕ್ ಆಯಿತು. ಜೀವ ಉಳಿಯಿತು, ಎಡಗೈ ಉಳಿಯಿತು, ನಗು ಉಳಿಯಿತು, ಮಾತು ಹೋಯಿತು. ಥೆರಪಿಯವರು ತಿಂಗಳುಗಟ್ಟಲೆ ಬಂದು ಹೋದರು. "ಹ್ಞಾ" ಎಂಬುದೊಂದು ಬಿಟ್ಟರೆ ಬೇರೆ ಸ್ವರ ಹೊರಡಲಿಲ್ಲ.

ಆ ವರ್ಷದ ದೀಪಾವಳಿಗೆ ದಿನಕರ ಬಂದಿದ್ದರು. ಗಾಲಿಕುರ್ಚಿಯಲ್ಲಿ ಸುಮ್ಮನೆ ಕೂತಿದ್ದ ಅತ್ತೆಯನ್ನು ನೋಡಿ ಅವರಿಗೆ ತಡೆಯಲಿಲ್ಲವೋ ಏನೋ. ಊಟದ ನಡುವೆ, ಎಲ್ಲರ ಎದುರು, "ಕಡಲ ಗಾಳಿ ಕುಡ್ದ್ ಬೆಳ್ದ ಜೀವ. ಇಲ್ಲಿ ತಂದು ಬಾಯಿ ಕಟ್ಟಿಸ್ದೆ ನೀನು," ಎಂದುಬಿಟ್ಟರು. ಇವರು ಕೈ ತೊಳೆದು ಎದ್ದರು. "ಇನ್ನು ನಮ್ಮನೆ ಹೊಸ್ತಿಲು ತುಳೀಬೇಡ," ಎಂದರು. ಅವರು ತುಳಿಯಲಿಲ್ಲ. ಅತ್ತೆ ಅಲ್ಲೇ ಕೂತಿದ್ದರು, ಎಲ್ಲ ಕೇಳಿಸಿಕೊಂಡಿದ್ದರು. ಇವರಿಗೆ ಸುಟ್ಟದ್ದು ಅದೇ. ಅಲ್ಲಿಂದ ಮುಂದೆ ಇವರ ಬಾಯಲ್ಲಿ ದಿನಕರನ ಹೆಸರಿಲ್ಲ. ಆದರೆ ಇಂಗ್ಲೆಂಡಿನ ಕಥೆ ಹೇಳುವಾಗ "ನಾವು" ಎಂದು ಶುರುಮಾಡಿ, ತಡವರಿಸಿ, "ನಾನು" ಎಂದು ಮುಂದುವರಿಸುತ್ತಿದ್ದರು. ಅದನ್ನು ಕೇಳುವುದು ನನಗೆ ಹಿಂಸೆಯಾಗುತ್ತಿತ್ತು.

ಹಾಗಾಗಿ ಈ ಪಬ್ಬಿನ ಪ್ರಯಾಣ ನನ್ನ ಕೈಗೆ ಬಂದಾಗ ನನಗೊಂದೇ ಆಸೆ ಇದ್ದದ್ದು, ದಿನಕರ ಬರಬೇಕು. ಅವರಿಲ್ಲದೆ ಇವರು ಎಷ್ಟು ಪಬ್ಬು ಸುತ್ತಿದರೂ ಒಬ್ಬರೇ ಚೌಕಾಬಾರ ಆಡಿದ ಹಾಗೆ.

ಹುಟ್ಟಿದಾರಭ್ಯ ಹೆಂಡದಂಗಡಿ ಹೊಕ್ಕವಳಲ್ಲ ನಾನು. ಆದರೆ ಪ್ಲಾನು ಮಾಡುವುದು ಗೊತ್ತು. ಅತ್ತೆಯನ್ನೂ ಕರೆದುಕೊಂಡು ಹೋಗುವುದೆಂದು ಮೊದಲೇ ತೀರ್ಮಾನಿಸಿದೆ, ಮನೆಯಲ್ಲಿ ಬಿಟ್ಟು ಹೋದರೆ ನನಗೆ ಚಿಪ್ಸೂ ಗಂಟಲಲ್ಲಿ ಇಳಿಯುವುದಿಲ್ಲ. ರೈಲು ನಮಗೆ ಹತ್ತಿರದ ಲಿನ್ವುಡ್‌ವರೆಗೆ ಬಂದ ಹೊಸತು. ಪ್ಲಾಟ್‌ಫಾರ್ಮಿಗೂ ಡಬ್ಬಿಗೂ ಒಂದೇ ಮಟ್ಟ, ಕುರ್ಚಿ ಹಾಗೆಯೇ ಉರುಳಿ ಒಳಗೆ ಹೋಗುತ್ತದೆ. ರೂಸ್‌ವೆಲ್ಟ್‌ನಲ್ಲಿ ಇಳಿದರೆ ಒಂದು ಪಬ್ಬು, ಕ್ಯಾಪಿಟಲ್ ಹಿಲ್‌ನಲ್ಲಿ ಒಂದು, ಪಯೊನಿಯರ್ ಸ್ಕ್ವೇರ್‌ನಲ್ಲಿ ಮೂರನೆಯದು. ಅತ್ತೆಯ ಎದುರು ಕೂತು ಬೀನ್ಸ್ ಮುರಿಯುತ್ತ ಒಂದೊಂದಕ್ಕೂ ಫೋನು ಮಾಡಿದೆ. ಮೆಟ್ಟಿಲಿದೆಯೇ? ಕುರ್ಚಿ ಹೋಗುವ ಬಾತ್‌ರೂಮು ಇದೆಯೇ? ಮೀನು ಕರಿದ ಎಣ್ಣೆಯಲ್ಲೇ ಆಲೂಗಡ್ಡೆಯನ್ನೂ ಕರಿಯುತ್ತೀರಾ? ಒಬ್ಬಾತ, "ಮೇಡಂ, ನೀವು ಆರೋಗ್ಯ ಇಲಾಖೆಯವರಾ?" ಎಂದು ಕೇಳಿದ. ಅತ್ತೆ ಇದನ್ನೆಲ್ಲ ಕೇಳುತ್ತ ಹೆಗಲು ಕುಣಿಸಿ ನಗುತ್ತಿದ್ದರು. ಯಾವ ದಿನ, ಯಾವ ರೈಲು ಎಂದು ನಾನು ಅವರಿಗೆ ಒಪ್ಪಿಸುತ್ತಲೇ ಇದ್ದೆ. ಎದುರು ಉತ್ತರ ಬರದಿದ್ದರೂ ಅತ್ತೆಯೊಂದಿಗೆ ಮಾತಾಡುವುದನ್ನು ನಾನು ಬಿಟ್ಟಿಲ್ಲ.

ದಿನ ಶನಿವಾರ ಎಂದು ಗೊತ್ತುಮಾಡಿದೆ. ಭಾನುವಾರ ಏಕಾದಶಿ, ಅವತ್ತು ನಾನು ತುಳಸಿ ನೀರನ್ನೂ ಮುಟ್ಟುವವಳಲ್ಲ. ಇವರಿಗೆ ತಿಳಿಯದಂತೆ ದಿನಕರರಿಗೆ ಒಂದು ಮೆಸೇಜು ಹಾಕಿದೆ. "ಶನಿವಾರ ಇಂಥಿಂಥ ಕಡೆ ಇರ್ತೀವಿ. ಇವರು ರಿಟೈರ್ ಆಗ್ತಿದ್ದಾರೆ. ನೀವು ಬಂದರೆ ಸಂತೋಷ." ನೋಡಿದ ಗುರುತು ಬಿತ್ತು, ಉತ್ತರ ಬರಲಿಲ್ಲ.

ಗುರುವಾರ ಸತ್ಸಂಗದ ಗೆಳತಿ ಫೋನು ಮಾಡಿದಳು. "ಶನಿವಾರ ಪಾರಾಯಣಕ್ಕೆ ಬರ್ತೀರಲ್ಲ?"

"ಶನಿವಾರ ಏನು ವಿಶೇಷ?"

"ಏನ್ರೀ ನೀವೇ ಹೀಗೆ ಕೇಳ್ತೀರಾ? ಏಕಾದಶಿ!"

"ಭಾನುವಾರ ಅಲ್ವಾ?"

"ಅದು ಊರಲ್ಲಿ. ನಮಗೆ ಶನಿವಾರ. ನೀವು ಯಾವ ಪಂಚಾಂಗ ನೋಡಿದ್ರಿ?"

ನಾನು ನೋಡಿದ್ದು ತಂಗಿ ಮೈಸೂರಿನಿಂದ ಕಳಿಸಿದ್ದ ಕ್ಯಾಲೆಂಡರು. ಅಡುಗೆಮನೆಯಲ್ಲಿ ಚೆಂದ ಕಾಣುತ್ತದೆಂದು ನೇತುಹಾಕಿದ್ದೆ. ಅಲ್ಲಿಯ ಸೂರ್ಯ ಹುಟ್ಟುವ ಹೊತ್ತಿನ ತಿಥಿಯೇ ಬೇರೆ, ಇಲ್ಲಿಯದೇ ಬೇರೆ. ಈ ದೇಶಕ್ಕೆ ಬಂದ ಹೊಸತರಲ್ಲಿ ಎಲ್ಲರೂ ಮಾಡುವ ತಪ್ಪನ್ನು ಇಷ್ಟು ವರ್ಷಗಳಾದ ಮೇಲೆ ಮಾಡಿಕೊಂಡಿದ್ದೆ. ಏಕಾದಶಿಯ ದಿನ ಪಬ್ಬಿಗೆ ಪ್ರಯಾಣ! ಇವರಿಗೆ ಹೇಳಿದರೆ, "ದೇವರಿಗೂ ಟೈಮ್ ಝೋನ್ ಉಂಟಾ ಮಾರಾಯ್ತಿ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಎಲ್ಲವನ್ನೂ ಭಾನುವಾರಕ್ಕೆ ತಳ್ಳಿದೆ. ಮೂರನೆಯ ಪಬ್ಬು ಭಾನುವಾರ ತೆರೆಯುವುದಿಲ್ಲವಂತೆ. ಅದೇ ಸ್ಟೇಷನ್ನಿನ ಇನ್ನೊಂದು ಬೀದಿಯಲ್ಲಿ ಬೇರೊಂದನ್ನು ಹುಡುಕಿದೆ. ಈ ಬದಲಾವಣೆಯನ್ನು ದಿನಕರರಿಗೆ ತಿಳಿಸಲಿಲ್ಲ. ಮೊದಲನೆಯದಕ್ಕೇ ಉತ್ತರ ಕೊಡದವರನ್ನು ಎರಡನೆಯ ಸಲ ಹೇಗೆ ಕರೆಯುವುದು? ಬರುವುದಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಶನಿವಾರ ಎಂದಿನಂತೆ ಉಪವಾಸವಿದ್ದು, ಭಾನುವಾರ ಸೂರ್ಯ ಹುಟ್ಟುತ್ತಿದ್ದ ಹಾಗೆ ಪಾರಣೆ ಮುಗಿಸಿ ಹೊರಟೆವು.

ಏನು ಚೆಂದದ ದಿನ ಅಂತೀರಿ! ಮೋಡವಿತ್ತು, ಮಳೆ ಬರಲಿಲ್ಲ, ಅದೊಂದು ಕೃಪೆ. ರೈಲಿನಲ್ಲಿ ಕುರ್ಚಿ ನಿಲ್ಲಿಸುವ ಜಾಗದಲ್ಲಿ ಸೈಕಲ್ಲು ಹಿಡಿದು ನಿಂತಿದ್ದವನು ನಾವು ಕೇಳುವ ಮೊದಲೇ ಸರಿದ, ಅದು ಇನ್ನೊಂದು. ಮಗಳು ಮೇಘಾ ಯೂನಿವರ್ಸಿಟಿಯ ಕೊನೆಯ ವರ್ಷದಲ್ಲಿದ್ದಾಳೆ, ಭಾನುವಾರ ಮಧ್ಯಾಹ್ನದವರೆಗೆ ಮಲಗುವವಳು. ಅವಳು ತಾನಾಗಿ ಎದ್ದು ಅಜ್ಜಿಗೆ ಜಡೆ ಹಾಕಿ ಬಂದದ್ದಂತೂ ದೊಡ್ಡ ಲೆಕ್ಕಕ್ಕೇ ಸೇರಬೇಕು. ಮರಗಳ ತುದಿಗೆ ಸಮನಾಗಿ ರೈಲು ಓಡುವಾಗ ಅತ್ತೆ ಕಿಟಕಿಗೆ ಹಣೆ ಹಚ್ಚಿ ಕೂತಿದ್ದರು.

ಮೊದಲ ಪಬ್ಬಿನ ಬಾಗಿಲಲ್ಲಿ ಎಲ್ಲರ ಐಡಿ ಕೇಳಿದರು. ಮೇಘಾಳದು ನೋಡಿದ ಹುಡುಗಿ ಅತ್ತೆಯ ಕಡೆ ತಿರುಗಿ, ನಗು ಅದುಮಿಕೊಂಡು, ಇವರದೂ ಬೇಕು, ರೂಲ್ಸ್ ಅಂದರೆ ರೂಲ್ಸ್ ಎಂದಳು. ನಾನು ಬಿಡುತ್ತೇನೆಯೇ, ಬ್ಯಾಗಿನಿಂದ ಅತ್ತೆಯ ಪಾಸ್‌ಪೋರ್ಟ್ ತೆಗೆದು ಕೊಟ್ಟೆ. ಅತ್ತೆ ನಕ್ಕ ನಗೆಗೆ ಕುರ್ಚಿಯೇ ಅಲುಗಾಡಿತು. ಒಳಗೆ ಕಪ್ಪು ಮರದ ಹಲಗೆ, ತಗ್ಗಿದ ಮಾಡು, ಹಿತ್ತಾಳೆಯ ಹಿಡಿಕೆಗಳು. ಹಿತ್ತಾಳೆಯನ್ನು ಕಂಡು ನನಗೆ ಸಮಾಧಾನವಾಯಿತು, ಚೆನ್ನಾಗಿ ಬೆಳಗಿಟ್ಟಿದ್ದರು. ಕೈಪಂಪಿನಲ್ಲಿ ಎಳೆದ ಬಿಯರು ಹೇಗೆ ತಣ್ಣಗಿರಬಾರದು ಎಂದು ಇವರು ಉಪನ್ಯಾಸ ಮಾಡಿದರು. "ಅಪ್ಪ, ಇಟ್ಸ್ ಜಸ್ಟ್ ಬಿಯರ್," ಎಂದಳು ಮೇಘಾ. "ನಿಂಗೆ ಹಂಗೆ ಕಾಣ್ತದೆ. ನಾವು ಅಲ್ಲಿ..." ಎಂದು ಶುರುಮಾಡಿ, "ನಾನು ಅಲ್ಲಿರುವಾಗ," ಎಂದು ತಿದ್ದಿಕೊಂಡರು.

ಎರಡನೆಯದರಲ್ಲೂ ಹಾಗೆಯೇ ಆಯಿತು. ಅರ್ಧ ಗ್ಲಾಸು ಮುಗಿಸುವಷ್ಟರಲ್ಲಿ ಮಾತು ತೀರಿ ಇವರು ಮೇಜಿನ ಗೆರೆಗಳನ್ನು ನೋಡುತ್ತ ಕೂತರು. "ಹೇಗಿದೆ?" ಎಂದರೆ "ಫಸ್ಟ್ ಕ್ಲಾಸ್" ಎಂದರು. ಆ ಫಸ್ಟ್ ಕ್ಲಾಸಿನಲ್ಲಿ ಏನು ಕಡಿಮೆ ಎಂದು ನನಗೆ ಗೊತ್ತಿತ್ತು. ಸಾಲದ್ದಕ್ಕೆ ನಾನು ಬಾಗಿಲನ್ನು ನೋಡುತ್ತಿದ್ದೆ. ಶನಿವಾರ ಬನ್ನಿ ಎಂದು ಕರೆಸಿಕೊಂಡವರು ಭಾನುವಾರ ಎಲ್ಲಿಂದ ಬರಬೇಕು?

ಪಯೊನಿಯರ್ ಸ್ಕ್ವೇರ್‌ನ ಪಬ್ಬು ಹಳೆಯ ಕೆಂಪು ಇಟ್ಟಿಗೆಯ ಕಟ್ಟಡ. ಮುಂಬಾಗಿಲಿಗೆ ಮೆಟ್ಟಿಲು. ಹಿಂದಿನ ಓಣಿಯಿಂದ ಪೀಪಾಯಿ ಉರುಳಿಸುವ ಇಳಿಜಾರಿದೆ, ಬಂದಾಗ ಬೆಲ್ ಮಾಡಿ ಎಂದು ಫೋನಿನಲ್ಲಿ ಹೇಳಿದ್ದರು. ನೀಲಿ ಕೂದಲಿನ ಹೆಂಗಸೊಬ್ಬಳು ಬಾಗಿಲು ತೆರೆದು, ಅತ್ತೆಯನ್ನು ರಾಣಿಯ ಹಾಗೆ ಒಳಗೆ ತಳ್ಳಿಕೊಂಡು ಹೋಗಿ ಬೆಂಕಿಗೂಡಿನ ಹತ್ತಿರ ಕೂರಿಸಿದಳು. ಅತ್ತೆಗೆ ಬಿಸಿ ಆಪಲ್ ಸೈಡರ್, ನನಗೆ ಚಹ, ಎಲ್ಲರಿಗೂ ಸೇರಿ ಚಿಪ್ಸಿನ ಬುಟ್ಟಿ ಬಂತು. ನಾವು ನಾಲ್ವರು ಕೂತ ಮೇಲೆ ಮೇಜಿಗೆ ಒಂದು ಕುರ್ಚಿ ಹೆಚ್ಚಾಗಿತ್ತು.

ಇವರು ಗ್ಲಾಸು ಎತ್ತಿದ್ದರು. ಎತ್ತಿದ ಕೈ ಅಲ್ಲೇ ನಿಂತಿತು. ನಾನು ತಿರುಗಿ ನೋಡಿದೆ.

ಬಾಗಿಲಲ್ಲಿ ದಿನಕರ ನಿಂತಿದ್ದರು. ತಲೆಯ ಕೂದಲು ಪೂರ್ತಿ ಹೋಗಿತ್ತು, ಕೈಯಲ್ಲಿ ಮಡಚಿದ ಕೊಡೆ. ನಮ್ಮ ಯಜಮಾನರ ಕಡೆ ನೋಡದೆ ಸೀದಾ ಅತ್ತೆಯ ಮುಂದೆ ಬಂದರು. ಬಿಯರು ಚೆಲ್ಲಿ ಅಂಟಂಟಾಗಿದ್ದ ಆ ನೆಲದಲ್ಲಿ ಮಂಡಿಯೂರಿ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಪಕ್ಕದ ಮೇಜಿನವರು ಮಾತು ನಿಲ್ಲಿಸಿ ನೋಡಿದರು.

"ಬಂದೆ ಅಮ್ಮ," ಎಂದರು. "ನೀ ಹೇಳ್ದಂಗೆ ಕಾರ್ ತರ್ಲಿಲ್ಲೆ. ಬಸ್ಸಲ್ಲೇ ಬಂದೆ."

ಅತ್ತೆ ಎಡಗೈಯಿಂದ ಅವರ ಬೋಳು ತಲೆ ಸವರಿದರು. ಸವರಿ ಸವರಿ ನಕ್ಕರು. ದಿನಕರ ಕಣ್ಣು ಒರೆಸಿಕೊಂಡು ತಲೆಯೆತ್ತಿ, ಇವರನ್ನು ಚಿಕ್ಕಂದಿನ ಹೆಸರು ಹಿಡಿದು, "ಎಂತದಾ ಸದಾ, ಕೂಕೊ ಅಂಬುದೂ ಇಲ್ಯಾ?" ಎಂದರು.

ನಮ್ಮವರು ಗ್ಲಾಸು ಕೆಳಗಿಟ್ಟರು. ಕಾಲಿನಿಂದಲೇ ಆ ಖಾಲಿ ಕುರ್ಚಿಯನ್ನು ಅವರತ್ತ ನೂಕಿದರು. "ಇಷ್ಟ್ ವರ್ಷ ಖಾಲಿಯೇ ಇತ್ತಲ್ದಾ. ಕೂಕೊ."

ಅಷ್ಟೇ. ಕ್ಷಮೆ ಕೇಳಲಿಲ್ಲ, ವಿವರಣೆ ಇಲ್ಲ. ಗಂಡಸರ ಜಗಳ ಮುಗಿಯುವ ರೀತಿಯೇ ವಿಚಿತ್ರ. ಕೂತ ಮರುಗಳಿಗೆಗೆ ದಿನಕರ ಇವರ ಹೊಟ್ಟೆಯನ್ನು, ಇವರು ದಿನಕರರ ತಲೆಯನ್ನು ಆಡಿಕೊಂಡು ನಗಲು ಶುರುಮಾಡಿದರು. ನಾನು ಟಿಶ್ಯೂ ಹುಡುಕುವ ನೆಪದಲ್ಲಿ ಬ್ಯಾಗಿನೊಳಗೆ ತಲೆ ಹಾಕಿದೆ.

ಸ್ವಲ್ಪ ಹೊತ್ತಾದ ಮೇಲೆ ದಿನಕರ ನನ್ನತ್ತ ತಿರುಗಿದರು. "ಅತ್ತಿಗೆ, ನಿಮ್ಮ ಮೆಸೇಜ್ ನೋಡಿದ್ದೆ. ಬರೂದಿಲ್ಲ ಅಂತಲೇ ಇದ್ದೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅಮ್ಮಂಗೆ ಮಾತು ಬಂದದ್ದು ನಂಗೆ ಯಾಕೆ ಹೇಳ್ಲಿಲ್ಲ ಮಾರಾಯ್ರೆ?"

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಅಜ್ಜಿ ಕಾಂಟ್ ಟಾಕ್, ಅಂಕಲ್," ಎಂದಳು ಮೇಘಾ, ಮೆತ್ತಗೆ.

"ಹೌದಾ? ಹಾಗಾದ್ರೆ ನಿನ್ನೆ ನಂಗೆ ಬೈದದ್ದು ಯಾರು?" ಎಂದು ಅವರು ನಕ್ಕರು. ನಾವು ನಗದಿದ್ದುದನ್ನು ಕಂಡು ಅವರ ನಗು ನಿಂತಿತು.

ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. ಶನಿವಾರ ಮಧ್ಯಾಹ್ನ ಫೋನು ಬಂತು. ನಮ್ಮ ಮನೆಯ ನಂಬರು. ಎತ್ತಬೇಕೋ ಬೇಡವೋ ಎಂದು ನೋಡಿ ಎತ್ತಿದರೆ ಅಮ್ಮನ ದನಿ. ಅದೇ ದನಿ, ಅದೇ ಊರಿನ ಮಾತು. "ದಿನಕರಾ, ನನ್ ಬಾಯ್ ಯಾರೂ ಕಟ್ಲಿಲ್ಲೆ. ನಾನ್ ಲಾಯ್ಕ್ ಇದ್ದೆ. ಬಾಯ್ ದೊಡ್ಡದ್ ಮಾಡುಕ್ ನಾಚ್ಕಿ ಆಯಲಿಲ್ಲೆ ನಿಂಗೆ, ಬಪ್ಪುಕ್ ಎಂತಕ್ಕ್ ನಾಚ್ಕಿ?" ಎಂದು, ಕೂಗಾಡಲು ಇಲ್ಲದ ನಾಚಿಕೆ ಬರಲು ಯಾಕೆ ಎಂದು ಗದರಿದರಂತೆ. ನಾಳೆ ಬಾ, ಇವತ್ತಲ್ಲ ಎಂದರಂತೆ. ಮೂರನೆಯ ಜಾಗಕ್ಕೆ ಬಾ, ಮೊದಲು ಹೇಳಿದ್ದಲ್ಲ, ಇನ್ನೊಂದು ಬೀದಿಯ ಇಟ್ಟಿಗೆ ಕಟ್ಟಡ, ಕಾರು ತರಬೇಡ, ಕುಡಿದು ಓಡಿಸಬೇಡ. ದಿನಕರ ಬಾಯಿ ತೆರೆಯುವಷ್ಟರಲ್ಲಿ "ಉಂಡ್ಯಾ?" ಎಂದು ಕೇಳಿ ಇಟ್ಟುಬಿಟ್ಟರಂತೆ. ಫೋನು ತೆಗೆದು ತೋರಿಸಿದರು. ನಮ್ಮ ಮನೆಯ ನಂಬರು ಇತ್ತು, ಶನಿವಾರ ಮಧ್ಯಾಹ್ನವೇ.

ನಮ್ಮ ಯಜಮಾನರು ತಾಯಿಯ ಕುರ್ಚಿಯ ಹತ್ತಿರ ಬಗ್ಗಿದರು. "ಅಮ್ಮಾ, ನೀ ಫೋನ್ ಮಾಡ್ದ್ಯಾ?" ಮಾತು ಬರುತ್ತದೇನೋ ಎಂದು ನಾವೆಲ್ಲ ಅವರ ಬಾಯನ್ನೇ ನೋಡಿದೆವು. ಅತ್ತೆ ಬುಟ್ಟಿಯಿಂದ ಒಂದು ಚಿಪ್ಸು ತೆಗೆದು, ಉಪ್ಪಿನಲ್ಲಿ ಒತ್ತಿ, ಮಗನ ಬಾಯಿಗೆ ಇಟ್ಟರು. ಇನ್ನೊಂದು ತೆಗೆದು ದಿನಕರರ ಬಾಯಿಗೆ ಇಟ್ಟರು. ನೀಲಿ ಕೂದಲಿನವಳು ಚಪ್ಪಾಳೆ ತಟ್ಟಿದಳು. ಅಲ್ಲಿಗೆ ವಿಚಾರಣೆ ಮುಗಿಯಿತು, ಯಾರಿಗೂ ಇನ್ನು ಕೇಳುವ ಮನಸ್ಸಾಗಲಿಲ್ಲ. ಇಬ್ಬರೂ ಮತ್ತೆ ಅರ್ಧ ಅರ್ಧ ಗ್ಲಾಸು ತರಿಸಿದರು. ವಾಪಸು ರೈಲಿನಲ್ಲಿ ದಿನಕರ ಬೆಲ್ವ್ಯೂಗೆ ಹೋಗದೆ ನಮ್ಮ ಜೊತೆಗೇ ಲಿನ್ವುಡ್‌ವರೆಗೆ ಬಂದರು, ಅಲ್ಲಿಂದ ನಮ್ಮ ಮನೆಗೂ ಬಂದರು. ಹೊಸ್ತಿಲ ಹೊರಗೆ ನಿಂತು, "ತುಳೀಲಾ?" ಎಂದರು. "ತುಳಿ, ತುಳಿ, ಕಾಲ್ ಒರ್ಸ್ಕಂಡ್ ತುಳಿ," ಎಂದರು ಇವರು.

ಮನೆಗೆ ಬಂದ ಮೇಲೆ ನಾನು ಫೋನು ನೋಡಿದೆ. ಅಡುಗೆಮನೆಯ ಕಟ್ಟೆಯ ಮೇಲಿರುವ ಹಳೆಯ ಮಾದರಿಯದು. ಅತ್ತೆಗೆ ಸ್ಟ್ರೋಕ್ ಆದ ಹೊಸತರಲ್ಲಿ, ಮಾತು ಬರಬಹುದೆಂಬ ಆಸೆಯಲ್ಲಿ ಮೇಘಾ ತಂದದ್ದು. ಅಂಕಿಗಳ ಜಾಗದಲ್ಲಿ ಫೋಟೋ ಇರುತ್ತದೆ, ಒತ್ತಿದರೆ ಅವರಿಗೆ ಹೋಗುತ್ತದೆ. ದಿನಕರರ ಫೋಟೋ ಒಂದು ಮೂಲೆಯಲ್ಲಿ ಹಾಗೆಯೇ ಇತ್ತು. ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ. ಯಾವಾಗ ಯಾರಿಗೆ ಕರೆ ಹೋಯಿತೆಂದು ಬರೆದಿಟ್ಟುಕೊಳ್ಳುವ ಯೋಗ್ಯತೆ ಆ ಫೋನಿಗಿಲ್ಲ.

ಅತ್ತೆಯೇ ಒತ್ತಿದರೆನ್ನೋಣ. ಆದರೆ ಯಾರಾದರೂ ಹಿಡಿದು ನಿಲ್ಲಿಸದೆ ಅವರು ಕುರ್ಚಿಯಿಂದ ಏಳಲಾರರು. ಕುರ್ಚಿ ಹಾಲಿನ ಕಿಟಕಿಯ ಹತ್ತಿರ, ಫೋನು ಅಡುಗೆಮನೆಯಲ್ಲಿ. ಬ್ರೇಕು ಹಾಕುವವಳು ನಾನೇ. ಮೇಘಾ ಮತ್ತು ಇವರು ಆ ಹೊತ್ತಿನಲ್ಲಿ ಕ್ಯಾನ್ಯನ್ ಪಾರ್ಕಿನ ಅಂಗಡಿಗಳ ಕಡೆ ಸಾಮಾನು ತರಲು ಹೋಗಿದ್ದರು. ಮನೆಯಲ್ಲಿ ಇದ್ದವರು ನಾವಿಬ್ಬರೇ. ಸತ್ಸಂಗಕ್ಕೆ ಹೋಗದೆ ಅತ್ತೆಯ ಪಕ್ಕದಲ್ಲೇ ಕೂತು ಪಾರಾಯಣ ಮಾಡುತ್ತಿದ್ದೆ. ನೀರಿಲ್ಲದ ಉಪವಾಸ, ಒಂದು ನಿಮಿಷ ಕಣ್ಣು ಹತ್ತಿರಬಹುದು. ಹತ್ತಿತ್ತು ಎಂದೇ ಅನ್ನಿಸುತ್ತದೆ, ಯಾಕೆಂದರೆ ಯಾವ ಶ್ಲೋಕದಲ್ಲಿದ್ದೆನೆಂದು ತಿಳಿಯದೆ ಮತ್ತೆ ಮೊದಲಿನಿಂದ ಶುರುಮಾಡಿದ ನೆನಪಿದೆ. ಆ ನಿಮಿಷದಲ್ಲಿ ಏನಾದರೂ ನಡೆದಿದ್ದರೆ ನನಗೆ ಗೊತ್ತಿಲ್ಲ.

ಅತ್ತೆಯ ಡಾಕ್ಟರನ್ನು ಕೇಳಿದೆವು. ಮಾತು ಹೋದವರಿಗೆ ಒಮ್ಮೊಮ್ಮೆ ಹಾಡು ಬರುತ್ತದೆ, ಬಾಯಿಪಾಠದ ಪ್ರಾರ್ಥನೆ ಬರುತ್ತದೆ, ಬೈಗುಳವೂ ಬರುತ್ತದೆ ಎಂದರು. ಬೈಗುಳ ಸರಿ. ದಿನ, ಜಾಗ, ಕಾರು, ಊಟ, ಇಷ್ಟೆಲ್ಲ? ಅವರು ಹುಬ್ಬು ಏರಿಸಿ, ನಿಮ್ಮ ಸ್ನೇಹಿತರಿಗೆ ಹಾಗೆ ಕೇಳಿಸಿರಬೇಕು ಎಂದರು. ದಿನಕರರಿಗೆ ಹಾಗೆ ಕೇಳಿಸಿತು, ಸರಿ. ಆದರೆ ಬದಲಾದ ದಿನ, ಬದಲಾದ ಪಬ್ಬು ಅವರಿಗೆ ಕೇಳಿಸಲು ಯಾರೋ ಹೇಳಿರಬೇಕಲ್ಲ?

ಇವರು ಈಗ ಅದರ ಬಗ್ಗೆ ತಲೆಕೆಡಿಸಿಕೊಳ್ಳುವುದನ್ನು ಬಿಟ್ಟಿದ್ದಾರೆ. ರಿಟೈರಾದ ಮನುಷ್ಯ, ತಿಂಗಳಿಗೊಮ್ಮೆ ದಿನಕರರ ಜೊತೆ ರೈಲು ಹತ್ತುತ್ತಾರೆ. ಪ್ಲಾನು ಈಗಲೂ ನನ್ನದೇ, ಪಂಚಾಂಗ ಮಾತ್ರ ಇಲ್ಲಿಯದು. ಸತ್ಯನಾರಾಯಣ ಪೂಜೆಗೂ ಇಬ್ಬರೂ ಮಡಿಯುಟ್ಟು ಅಕ್ಕಪಕ್ಕ ಕೂತರು, ಕಥೆಯ ನಡುವೆ ಶಾಲೆಯ ಹುಡುಗರ ಹಾಗೆ ಪಿಸುಗುಟ್ಟಿ ಪ್ರಸಾದದ ಬಾಳೆಹಣ್ಣಿಗೆ ಕೈ ಹಾಕಿದರು. ಸತ್ಸಂಗದಲ್ಲಿ ಯಾರಾದರೂ ಏನಾದರೂ ಕಂಡೆ, ಕೇಳಿದೆ ಎಂದರೆ ನಾನು ಈಗ ಊಟದ ವಿಷಯ ತೆಗೆಯುವುದಿಲ್ಲ. ಸುಮ್ಮನೆ ಕೇಳುತ್ತೇನೆ.

ಒಂದು ಮಾತು ಉಳಿಯಿತು. ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಪೂಜೆ ಕಳೆದ ಮೇಲೆ ಒಂದು ಮಧ್ಯಾಹ್ನ ಅತ್ತೆಯ ಉಗುರು ಕತ್ತರಿಸುತ್ತಿದ್ದೆ. ಮನೆಯಲ್ಲಿ ಯಾರೂ ಇರಲಿಲ್ಲ. ಮನಸ್ಸು ತಡೆಯದೆ ಕೇಳಿಬಿಟ್ಟೆ. "ಅತ್ತೆ, ನಿಜ ಹೇಳಿ. ಅವತ್ತು ದಿನಕರಂಗೆ ಫೋನ್ ಮಾಡಿದ್ದು ನೀವೇ ಅಲ್ವಾ?"

ಅತ್ತೆ ಇಲ್ಲವೆಂದು ತಲೆ ಅಲ್ಲಾಡಿಸಿದರು.

"ಮತ್ತೆ ಯಾರು?"

ಅವರು ನನ್ನ ಕೈಯಿಂದ ತಮ್ಮ ಎಡಗೈ ಬಿಡಿಸಿಕೊಂಡರು. ತೋರುಬೆರಳು ಎತ್ತಿ, ನಿಧಾನವಾಗಿ, ನನ್ನ ಎದೆಯ ಮೇಲೆ ಇಟ್ಟರು. ಇಟ್ಟು, ನಾನು ಎಲ್ಲ ಮರೆತ ಹುಡುಗಿಯೇನೋ ಎಂಬಂತೆ ನಕ್ಕರು.

ನಾನು ಮೈಸೂರಿನವಳು. ಮದುವೆಯಾಗಿ ಇಷ್ಟು ವರ್ಷವಾಗಿ ಕುಂದಾಪುರದ ಮಾತು ನನಗೆ ಅರ್ಥವಾಗುತ್ತದೆ, ಆದರೆ ಆಡಲು ನಾಲಿಗೆ ಹೊರಳುವುದಿಲ್ಲ. ಪ್ರಯತ್ನಿಸಿದಾಗಲೆಲ್ಲ ಮನೆಮಂದಿ ನಕ್ಕಿದ್ದಾರೆ. ಅತ್ತೆಗೆ ನನ್ನ ಪ್ರಶ್ನೆ ತಪ್ಪಾಗಿ ಅರ್ಥವಾಗಿರಬಹುದು. ನೀನೇ ಎಲ್ಲ ಏರ್ಪಾಡು ಮಾಡಿದವಳು ಎಂಬ ಮೆಚ್ಚುಗೆಯೂ ಇರಬಹುದು. ಶನಿವಾರ ಸಂಜೆ ನನ್ನ ದನಿ ಒಡೆದಿತ್ತು ಎಂದು ಇವರು ಹೇಳುತ್ತಾರೆ, ನೀರು ಕುಡಿಯದಿದ್ದರೆ ಯಾರ ದನಿಯೂ ಒಡೆಯುತ್ತದೆ. ಎಷ್ಟು ಯೋಚಿಸಿದರೂ ನನಗೆ ಆ ಮಧ್ಯಾಹ್ನದ ಒಂದು ನಿಮಿಷ ಸಿಗುವುದಿಲ್ಲ.

ಅತ್ತೆಯ ಬೆರಳು ಇನ್ನೂ ಹಾಗೆಯೇ ಇತ್ತು. ಅದನ್ನು ಹಿಡಿದು, ಉಳಿದಿದ್ದ ಉಗುರುಗಳನ್ನು ಕತ್ತರಿಸಿ, ಕೈಗೆ ಕೊಬ್ಬರಿ ಎಣ್ಣೆ ಸವರಿದೆ. ಉದ್ದಿನಬೇಳೆ ನೆನೆದು ಉಬ್ಬಿತ್ತು. ಮರುದಿನ ಬೆಳಗ್ಗೆ ದಿನಕರ ಇಡ್ಲಿಗೆ ಬರುವವರಿದ್ದರು. ಎದ್ದು ರುಬ್ಬಲು ಹೋದೆ.